ಹೊಸ ಸುದ್ದಿ ಏನೂ ಇಲ್ಲ

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತೇನೆ. ಒಂದು ಸಾಲು ಮುಗಿಯುವುದರೊಳಗೆ ಫೋನಿನ ಪರದೆ ಕಪ್ಪಾಗುತ್ತದೆ. ಇದನ್ನು ಬರೆಯಲಿಕ್ಕೂ ಬಹಳ ಹೊತ್ತು ಹಿಡಿಯಿತು. ಆದರೂ ಬರೆಯುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ.

ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ನಾವು ಮೂವರು. ಮಗನಿಗೆ ಹೋಟೆಲಿನ ಕೆಲಸ. ಸೊಸೆ ಬೆಂಗಳೂರಿನವಳು, ಕಂಪ್ಯೂಟರ್ ಕೆಲಸ. ಕುಂದಾಪುರದ ಕಡೆಯ ನಮ್ಮ ಕುಟುಂಬದವರು ಒಂದು ದೊಡ್ಡ ಕಂಪನಿಯ ಜಾಲತಾಣದಲ್ಲಿ ಗುಂಪು ಮಾಡಿಕೊಂಡಿದ್ದಾರೆ. ಹೆರಿಗೆ, ಮದುವೆ, ಸಾವು ಎಲ್ಲ ಅಲ್ಲೇ ಹಾಕುತ್ತಾರೆ. ಕಂಪನಿಯ ಆ್ಯಪು ನನ್ನ ಕೈಲಾಗುವುದಲ್ಲ, ಬೆರಳು ಎಲ್ಲಿ ತಾಗಿದರೂ ಯಾರೋ ಕುಣಿಯುತ್ತಾರೆ. ಮಗನ ಹತ್ತಿರ ಓದಿಸಿದರೆ ಅವನು ಅರ್ಧ ನುಂಗಿ ಹೇಳುತ್ತಿದ್ದ. ಹೀಗೆ ಬೇಡುವುದು ನನಗೆ ಹೇಸಿಗೆಯಾಗಿತ್ತು.

ಸೊಸೆ ನನಗಾಗಿ ಬೇರೆ ಆ್ಯಪು ಮಾಡಿದಳು. ಒಂದೇ ಹಳದಿ ಗುಂಡಿ. ಒತ್ತಿದರೆ ಗುಂಪಿನಲ್ಲಿ ಯಾರು ಏನು ಬರೆದಿದ್ದಾರೆ ಎಂದು ಫೋನಿನೊಳಗಿನ ಒಬ್ಬ ಹೆಂಗಸು ಕನ್ನಡದಲ್ಲಿ ಓದುತ್ತಾಳೆ. ಸಾವಿನ ಸುದ್ದಿಯನ್ನೂ ಮದುವೆ ಕರೆಯ ಹಾಗೆ ಓದುತ್ತಾಳೆ, ಇರಲಿ. ಬೆಳಿಗ್ಗೆ ಚಹಾದ ಜೊತೆ ನಾನೇ ಒತ್ತಿ ನಾನೇ ಕೇಳುತ್ತಿದ್ದೆ. ಮಗನಿಗೂ ಸೊಸೆಗೂ ಊರಿನ ಸುದ್ದಿ ಹೇಳುವವಳು ನಾನೇ ಆದೆ. ಅವರಿಬ್ಬರೂ ಗುಂಪು ನೋಡುವುದನ್ನೇ ಬಿಟ್ಟರು. ಊರಿನವರು ಫೋನ್ ಮಾಡುವುದನ್ನು ಬಿಟ್ಟರು. ನನ್ನಂಥ ಎಷ್ಟೋ ಮುದುಕಿಯರು ಆ ಆ್ಯಪು ಹಾಕಿಸಿಕೊಂಡರು.

ಆಮೇಲೆ ಕಂಪನಿಯ ಮನಸ್ಸು ಕೆಟ್ಟಿತು. ಮೊದಲು ಹೊರಗಿನವರನ್ನು ಬನ್ನಿ, ನಮ್ಮ ಜಾಲತಾಣಕ್ಕೆ ಜೋಡಿಸಿ ನಿಮ್ಮದೇ ಏನಾದರೂ ಮಾಡಿಕೊಳ್ಳಿ ಎಂದು ಅವರೇ ಕರೆದಿದ್ದರಂತೆ. ಈಗ ಹೊರಗಿನ ಆ್ಯಪುಗಳು ತಿಂಗಳ ಕೊನೆಗೆ ಬಂದ್, ಬೇಕಾದವರು ದುಡ್ಡು ಕಟ್ಟಿ ಎಂದರು. ದೊಡ್ಡವರು ಕಟ್ಟುವ ದುಡ್ಡು ಅದು. ಸೊಸೆ ಬರೆದಳು, ಮತ್ತೆ ಬರೆದಳು. ಪ್ರತಿ ಸಲವೂ ಅದೇ ಉತ್ತರ, ಅಕ್ಷರ ಬದಲಿಲ್ಲ. ಕಣ್ಣು ಕಾಣದವರ ಆ್ಯಪಿಗೆ ವಿನಾಯಿತಿ ಇದೆ ಎಂದು ಗೊತ್ತಾಗಿ ಅದಕ್ಕೂ ಅರ್ಜಿ ಹಾಕಿದಳು. ಇದನ್ನು ಬಳಸುವವರಿಗೆ ಕಣ್ಣು ಕಾಣುತ್ತದಲ್ಲ, ಹಾಗಾಗಿ ಬರುವುದಿಲ್ಲ ಎಂದರು. ನನಗೆ ಕಣ್ಣು ಕಾಣುವುದೇ ತಪ್ಪಾಯಿತು.

ತಿಂಗಳ ಕೊನೆಯವರೆಗಾದರೂ ಇದೆಯಲ್ಲ ಎಂದು ನಾನು ದಿನಾ ಒತ್ತುತ್ತಿದ್ದೆ. ಹೊಸ ಸುದ್ದಿ ಏನೂ ಇಲ್ಲ, ಎನ್ನುತ್ತಿದ್ದಳು ಹೆಂಗಸು. ಮರುದಿನವೂ ಅದೇ. ಚೌತಿಯ ಗಡಿಬಿಡಿಯಲ್ಲಿ ಯಾರಿಗೂ ಬರೆಯಲು ಪುರುಸೊತ್ತಿಲ್ಲ ಎಂದುಕೊಂಡೆ.

ನಮ್ಮ ಕಡೆಯವರು ಇಲ್ಲಿ ಒಂದು ಹಾಲ್ ಬಾಡಿಗೆ ಹಿಡಿದು ಚೌತಿ ಮಾಡುತ್ತಾರೆ. ನೈವೇದ್ಯದ ಪಂಚಕಜ್ಜಾಯ ನನ್ನದು. ಬೆಳಿಗ್ಗೆ ಮಿಂದು, ಕಡಲೆ ಹುರಿದು ಪುಡಿ ಮಾಡಿ, ಬೆಲ್ಲ, ಕಾಯಿ, ಎಳ್ಳು ಕಲಸಿ ದೊಡ್ಡ ಪಾತ್ರೆ ತುಂಬಾ ಒಯ್ದೆ. ದೇವರ ಎದುರಿಗೆ ಇಟ್ಟಿದ್ದೆನಷ್ಟೆ, ಕೋಟದ ಕಡೆಯ ಹೆಂಗಸೊಬ್ಬಳು ಹತ್ತಿರ ಬಂದಳು.

"ಹ್ವಾಯ್, ನಿಮ್ಗ್ ಸೂತ್ಕ ಅಲ್ದಾ? ನಿಮ್ ಬಾವ ತೀರ್ಹೋದ್ರಂಬ್ರಲೆ."

ಬಾವ ಎಂದರೆ ನನ್ನ ಗಂಡನ ಅಣ್ಣ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಇರಲಿಲ್ಲ, ಅವನಿಗೂ ಇರಲಿಲ್ಲ. ಆದರೆ ಸೂತಕ ಪ್ರೀತಿ ಕೇಳಿ ಬರುವುದಲ್ಲ. ಸೂತಕದ ಕೈಯಲ್ಲಿ ದೇವರ ನೈವೇದ್ಯ ಮಾಡಿದ್ದೆ. ಹಾಲಿನಲ್ಲಿದ್ದವರೆಲ್ಲ ನನ್ನನ್ನೂ ಪಾತ್ರೆಯನ್ನೂ ನೋಡಿದರು. ಭಟ್ಟರು ಏನೂ ಬೈಯಲಿಲ್ಲ. ಪಾತ್ರೆ ಎತ್ತಿಸಿ ಬಾಳೆಹಣ್ಣು ಇಟ್ಟರು. ತುಂಬಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಟ್ಯೂಬ್ ರೈಲಿನಲ್ಲಿ ಮನೆಗೆ ಬಂದೆ.

ಊರಿಗೆ ಫೋನ್ ಮಾಡಿ ಬಾವನ ಮಗನಿಗೆ ಚೆನ್ನಾಗಿ ಬೈದೆ. ಅಪ್ಪ ಸತ್ತವನಿಗೆ ಬೈಯಬಾರದಿತ್ತು ಎಂದು ನನ್ನ ಮಗ ಹೇಳಿದ. ಬೈದಾಗಿತ್ತು. ಹುಡುಗ ಸಮಾಧಾನದಲ್ಲೇ ಉತ್ತರ ಕೊಟ್ಟ.

"ಚಿಕ್ಕಿ, ಗುಂಪಲ್ ಹಾಕಿದ್ವಲೆ. ಎಲ್ಲರ್ಕಿಂತ ಮೊದ್ಲ್ ನೀವೇ ಕೇಳ್ತ್ರಿ ಅಂದೇಳಿ ಫೋನ್ ಮಾಡ್ಲಿಲ್ಲೆ."

ಸೊಸೆ ಕೋಟು ಸಹ ಬಿಚ್ಚದೆ ಕಂಪ್ಯೂಟರ್ ಎದುರು ಕುಳಿತು ನೋಡಿದಳು. ಮುಖ ಕೆಂಪಾಯಿತು.

"ಅತ್ತೆ, ಕಂಪನಿಯವ್ರು ಹೇಳಿದ ದಿನಕ್ಕಿಂತ ಮುಂಚೆನೇ ಬಾಗ್ಲು ಹಾಕ್ಬಿಟ್ಟಿದ್ದಾರೆ. ಹಾಕಿದೀವಿ ಅಂತಾನೂ ಹೇಳಿಲ್ಲ, ಖಾಲಿ ಉತ್ತರ ಕಳಿಸ್ತಿದ್ದಾರೆ. ನನ್ನ ಆ್ಯಪು ಅದನ್ನ ಸುದ್ದಿ ಇಲ್ಲ ಅಂದ್ಕೊಂಡಿದೆ."

"ಅವ್ರಿಗ್ ಹೇಳ್, ನನ್ ಪಂಚಕಜ್ಜಾಯ ಅವ್ರೇ ತಿನ್ಲಿ," ಎಂದೆ.

ಅವಳು ನಿಜವಾಗಿಯೂ ಬರೆದಳು, ಪಂಚಕಜ್ಜಾಯದ ಮಾತು ಬಿಟ್ಟು. ಬಂದದ್ದು ಅದೇ ಹಳೆಯ ಉತ್ತರ. ಅವಳ ಸಂಜೆಗಳೆಲ್ಲ ಆ ಆ್ಯಪಿಗೆ ಹೋಗಿದ್ದವು. ಅದನ್ನು ಮುಚ್ಚಿದ ದಿನ ಅವಳು ಅನ್ನ ಬಡಿಸಿಕೊಂಡು ಹಾಗೇ ಬಿಟ್ಟಳು. ನಾನು ನನ್ನ ಫೋನಿನಿಂದ ಹಳದಿ ಗುಂಡಿ ತೆಗೆಸಿದೆ. ಸುಳ್ಳು ಹೇಳುವ ಗುಂಡಿ ಯಾಕೆ ಬೇಕು?

ಇನ್ನು ಮೇಲೆ ಸಾವು, ಹೆರಿಗೆ ಆದರೆ ಫೋನ್ ಮಾಡಿಯೇ ಹೇಳಿ, ಎಂದು ಬಾವನ ಮಗನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಆಯಿತು ಚಿಕ್ಕಿ, ಎಲ್ಲರಿಗೂ ತಿಳಿಸುತ್ತೇನೆ ಎಂದ. ತಿಳಿಸಿದ್ದು ಆ ಗುಂಪಿನಲ್ಲೇ. ಲಂಡನ್ ಚಿಕ್ಕಿಗೆ ಎಲ್ಲರೂ ಫೋನ್ ಮಾಡಬೇಕು ಎಂದು ಬರೆದಿದ್ದಾನೆ, ಎಲ್ಲರೂ ಅದರ ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತಿದ್ದಾರೆ. ಇದನ್ನೂ ಸೊಸೆಯೇ ಓದಿ ಹೇಳಿದ್ದು. ಫೋನ್ ಈವರೆಗೆ ಒಬ್ಬರದ್ದೂ ಬಂದಿಲ್ಲ.