ದೊಡ್ಡಮ್ಮನ ಅರ್ಧ ಕೊಂಡಿ

ಸರಪಳಿ ಹರಿಯಬಹುದಿತ್ತು. ಅದಕ್ಕೆ ತೂಗುಬಿಟ್ಟ ಕಬ್ಬಿಣದ ಕಂಬಗಳು ಕರಗಿದ ಸತುವಿನ ತೊಟ್ಟಿಗೆ ಬಿದ್ದು ಬೆಂಕಿ ಸಿಡಿಯಬಹುದಿತ್ತು. ತೊಟ್ಟಿಯ ಪಕ್ಕ ನಿಲ್ಲುವ ನರಸಿಂಹಪ್ಪನಿಗೆ... ಬೇಡ ಬಿಡಿ. ಸರಪಳಿ ಗಟ್ಟಿಯಾಗಿಯೇ ಇದ್ದು, ಸುಮ್ಮನೆ ತೆಗೆಸಿದನೆಂದು ಊರಿಗೆ ಹೊಸಬನಾದ ನನ್ನೊಡನೆ ಎಲ್ಲರೂ ಮಾತು ಬಿಡಬಹುದಿತ್ತು.

ಐವತ್ತು ದಾಟಿದ ಮೇಲೆ ಗದಗ ಬಿಟ್ಟು ಗೌರಿಬಿದನೂರಿನ ಈ ಕಾರ್ಖಾನೆಗೆ ಬಂದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಸತುವಿನ ಸ್ನಾನ ಮಾಡಿಸುವ ಜಾಗ. ನನ್ನ ಕೆಲಸ, ಸರಪಳಿಗಳನ್ನು ಪರೀಕ್ಷಿಸುವುದು. ನಮ್ಮ ಕಡೆ ಸರಪಳಿ ಎಂದರೆ ತೂಗುಮಂಚದ್ದು. ಎಲೆ ಅಡಿಕೆ ಹಾಕಿಕೊಂಡು ತೂಗಿದರಾಯಿತು. ಇಲ್ಲಿಯದು ದಿನವೂ ಆಸಿಡ್‌ನಲ್ಲಿ ಮುಳುಗಿ, ಸತುವಿನಲ್ಲಿ ಬೇಯುತ್ತದೆ. ಹೊರಗೆ ಬೆಳ್ಳಿಯ ಹೊಳಪು, ಒಳಗೆ ಯಾವಾಗ ಪೆಡಸಾಯಿತೋ ತಿಳಿಯದು. ನನ್ನಂಥ ಭಯಸ್ಥನಿಗೆ ಹೇಳಿ ಮಾಡಿಸಿದ ಉದ್ಯೋಗ.

ಮಂಡಿಕಲ್ಲಿನ ನರಸಿಂಹಪ್ಪ ಒಂದು ಸರಪಳಿಗೆ 'ದೊಡ್ಡಮ್ಮ' ಎಂದು ಹೆಸರಿಟ್ಟಿದ್ದ. ಅದರ ಸತು ಕೆರೆದಾಗ ಒಂದು ಕೊಂಡಿಯಲ್ಲಿ ಕೂದಲೆಳೆಯ ಬಿರುಕು ಕಂಡಿತು.

"ಬರೀ ಗೀಟು ಸಾರ್ ಅದು. ಮೂರು ಮ್ಯಾನೇಜರ್‌ನ ನೋಡಿದಾಳೆ ನಮ್ಮ ದೊಡ್ಡಮ್ಮ!"

"ಕೆಳಗೆ ನಿಲ್ಲೋನು ನೀನಪ್ಪ," ಎಂದೆ. ಸರಪಳಿ ಬೇಡವೆಂದು ಪುಸ್ತಕದಲ್ಲಿ ಬರೆದೆ.

ಬೇಡವೆಂದ ಸರಪಳಿಯನ್ನು ಯಾರೂ ಮತ್ತೆ ಬಳಸದಂತೆ ತುಂಡು ಮಾಡಬೇಕೆಂಬುದು ನಿಯಮ. ನರಸಿಂಹಪ್ಪ ಮುಖ ಗಂಟಿಕ್ಕಿಕೊಂಡೇ ಆ ಕೊಂಡಿಗೆ ಕುಂಕುಮ ಹಚ್ಚಿ, ಕೈಮುಗಿದು, ತಾನೇ ಸುತ್ತಿಗೆ ಎತ್ತಿದ. ಒಂದೇ ಏಟು. ಹೆಬ್ಬೆರಳು ಗಾತ್ರದ ಕೊಂಡಿ ಚಕ್ಕುಲಿಯಂತೆ ಎರಡಾಯಿತು.

ಅವನು ಅಲ್ಲೇ ಕುಳಿತ. "ನಿನ್ನೆ ಇದರ ಪಕ್ಕದಲ್ಲೇ ಇದ್ದೆ ಸಾರ್."

ಮರುದಿನ ನನಗೂ ಮುದ್ದೆ, ಬಸ್ಸಾರು ತಂದ. ರೊಟ್ಟಿಯ ಅಭ್ಯಾಸದಲ್ಲಿ ಜಗಿಯುತ್ತ ಕುಳಿತರೆ ಎಲ್ಲರಿಗೂ ನಗು. "ನಮಲಕಂಡಿ ಸಾರ್, ಮಿಂಗಂಡಿ!" ಜಗಿಯಬೇಡಿ, ನುಂಗಿ ಎಂದು, ಇಲ್ಲಿಯವರ ತೆಲುಗಿನಲ್ಲಿ. ಊಟವಾದ ಮೇಲೆ ಕೊಂಡಿಯ ಅರ್ಧ ತುಂಡನ್ನು ನನ್ನ ಕೈಗಿಟ್ಟು, "ನಿಮ್ಮ ಟೇಬಲ್ ಮೇಲಿರ್ಲಿ," ಎಂದ. ಇನ್ನರ್ಧ ಅವನ ಮನೆಗೆ ಹೋಯಿತು.

ಹೀಗೆ, ಹೆದರಿದ್ದು ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ: ರಜೆಗೆ ಗದಗಕ್ಕೆ ಹೋದಾಗ, ತೋರಿಸೋಣವೆಂದು ಒಯ್ದ ಆ ತುಂಡನ್ನು ಅಕ್ಕನ ಮನೆಯಲ್ಲಿ ಮರೆತು ಬಂದೆ. ಫೋನ್ ಮಾಡಿದರೆ ಅವಳು, "ಕುಂಕುಮ ಇತ್ತಲ್ಲೋ, ದೇವರ ಜಗಲಿ ಮ್ಯಾಲ ಇಟ್ಟೀನಿ. ಇನ್ನ ತಗೀಬಾರ್ದು," ಎಂದಳು.

ಖಾಲಿ ಟೇಬಲ್ ನೋಡಿ ನರಸಿಂಹಪ್ಪ ಕೇಳಿದ, "ದೊಡ್ಡಮ್ಮ ಎಲ್ಲಿ ಸಾರ್?"

"ಊರಲ್ಲಿದಾಳೆ," ಎಂದೆ.

"ಅರ್ಧ ಅಲ್ವಾ ಸಾರ್? ಇನ್ನರ್ಧ ಇಲ್ಲೇ ನಮ್ಮನೇಲಿ ಐತೆ."