ಕೆಂಪು ಹಲಗೆಗೆ ಆಮೇಲೆ ಸೇರಿಸಿದ ಪದ

ಅಲ್ಲ, ಅದು ಮುಂಬಯಿಯ ಸಯನ್‌ನ ಹೋಟೆಲಿನಲ್ಲಿ ನಡೆಯದೆಯೂ ಇರಬಹುದು. ಆ ಮಾತನ್ನು ಅವರಿಗೆ ಟೈಪ್ ಮಾಡಿ ಹೇಳಿದೆನೋ, ಎದುರು ಕೂತು ಹೇಳಿದೆನೋ, ಎಷ್ಟು ಕೆದಕಿದರೂ ಖಚಿತವಾಗುವುದಿಲ್ಲ. ನೆನಪಿನಲ್ಲಿ ಒಂದು ಮೇಜು ಇದೆ, ಮಡಚಿಟ್ಟ ಬಿಳಿ ಕೋಲು ಇದೆ, ನೀರುದೋಸೆಯ ತಟ್ಟೆ ಇದೆ. ತಟ್ಟೆಯ ಮೇಲೆ ನನಗೆ ಅನುಮಾನ. ನಾವು ಸಿಗುತ್ತಿದ್ದದ್ದು ಭಾನುವಾರ, ಆ ಹೋಟೆಲಿನಲ್ಲಿ ಭಾನುವಾರ ನೀರುದೋಸೆ ಮಾಡುವುದಿಲ್ಲ. ಹಾಗಾದರೆ ಉಳಿದದ್ದನ್ನೂ ನಾನೇ ತಂದಿಟ್ಟುಕೊಂಡಿರಬಹುದು. ಹೇಳಿದ್ದು ಸುಳ್ಳು ಎಂಬುದೊಂದೇ ಅನುಮಾನವಿಲ್ಲದ ಸಂಗತಿ.

ನಾವು ಆಡುತ್ತಿದ್ದದ್ದು ಚಿತ್ರವೇ ಇಲ್ಲದ ಆಟ. ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷ್ ಅಕ್ಷರಗಳು, ಅಷ್ಟೆ. ನೀನು ಗುಹೆಯ ಬಾಗಿಲಲ್ಲಿ ನಿಂತಿದ್ದೀಯೆ ಎಂದು ಅದು ಬರೆಯುತ್ತದೆ. ಉತ್ತರಕ್ಕೆ ಎಂದು ನಾವು ಬರೆದರೆ ಉತ್ತರಕ್ಕೆ ಹೋಗುತ್ತೇವೆ. ಎಲ್ಲೆಲ್ಲಿಯದೋ ಜನ ಒಂದೇ ಹೊತ್ತಿಗೆ ಅಲ್ಲಿ ಓಡಾಡುತ್ತಿರುತ್ತಾರೆ. ಅವರಲ್ಲಿ ಕಣ್ಣು ಕಾಣದವರು ಬಹಳ. ಬರೀ ಅಕ್ಷರವಾದ್ದರಿಂದ ಅವರ ಫೋನು, ಕಂಪ್ಯೂಟರು ಅದನ್ನು ಪೂರ್ತಿ ಓದಿ ಕೇಳಿಸುತ್ತವೆ.

ಯಾರಿಗೆ ಸುಳ್ಳು ಹೇಳಿದೆನೋ ಅವರೂ ಹಾಗೆ ಕೇಳಿಸಿಕೊಂಡು ಆಡುವವರು. ಬೊರಿವಲಿಯಲ್ಲಿ ಮನೆ, ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ, ಮೂಲ ಉಡುಪಿ ಕಡೆ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಆಟದೊಳಗೆ ನಾನೊಮ್ಮೆ ಸುಮ್ಮನೆ ಇಂಗ್ಲಿಷ್ ಅಕ್ಷರಗಳಲ್ಲಿ “ಚಾ ಆಯ್ತಾ” ಎಂದು ಬರೆದಾಗ “ಆಯ್ತು, ನಿಮ್ದು?” ಎಂದು ಉತ್ತರಿಸಿದವರು ಅವರು. ಅವತ್ತಿನಿಂದ ನನಗೆ ಅಣ್ಣ.

ಅಲ್ಲಿ ಅವರಿಗೊಂದು ಸ್ಥಾನವಿತ್ತು. ಹೊಸಬರು ಬಂದರೆ ಅವರ ಹಿಂದೆ ನಡೆಯುತ್ತಿದ್ದರು. ಸಾವಿರಾರು ಕೋಣೆಗಳ ದಾರಿ ಅವರ ತಲೆಯಲ್ಲಿತ್ತು. “ಆಫೀಸಲ್ಲಿ ಎಲ್ಲರೂ ನನ್ನ ಕೈ ಹಿಡಿದು ಲಿಫ್ಟಿಗೆ ಕರ್ಕೊಂಡು ಹೋಗುದು ಮಾರಾಯ. ಬೇಡ ಅಂದ್ರೂ ಬಿಡುದಿಲ್ಲ. ಇಲ್ಲಿ ನಾನು ಕರ್ಕೊಂಡು ಹೋಗುದು” ಎಂದಿದ್ದರು.

ನನಗೆ ಅಲ್ಲಿ ಕೋಣೆಗಳನ್ನು ಕಟ್ಟುವ, ಅಂದರೆ ಬರೆಯುವ, ಅಧಿಕಾರ ಸಿಕ್ಕಿತ್ತು. ಪದಕ್ಕೆ ಮೊದಲು &r ಎಂದು ಹಾಕಿದರೆ ಅದು ಕೆಂಪಾಗುತ್ತಿತ್ತು, &g ಹಾಕಿದರೆ ಹಸಿರು, &n ಹಾಕಿದರೆ ಬಣ್ಣ ಮುಗಿಯಿತು. ಆಡುವವರಿಗೆ ಈ ಗುರುತುಗಳು ಕಾಣುವುದಿಲ್ಲ, ಬಣ್ಣವಷ್ಟೇ ಕಾಣುತ್ತದೆ. ಕಟ್ಟುವವರಿಗೆ ಒಂದು ನಿಯಮವಿತ್ತು: ಬಣ್ಣವೊಂದೇ ಹೇಳುವ ಸಂಗತಿ ಯಾವುದೂ ಇರಕೂಡದು, ಪದವೂ ಅದನ್ನು ಹೇಳಬೇಕು. ಯಾಕೆಂದು ವಿವರಿಸಬೇಕಾಗಿಲ್ಲ.

ನಾನೊಂದು ಸೇತುವೆ ಕಟ್ಟಿದೆ. ಐದು ಹಲಗೆ. ಐದರ ವರ್ಣನೆಯೂ ಅಕ್ಷರಕ್ಕೆ ಅಕ್ಷರ ಒಂದೇ. ನಾಲ್ಕು ಹಸಿರು, ಮೂರನೆಯದು ಕೆಂಪು. ಕೆಂಪಿನ ಮೇಲೆ ಕಾಲಿಟ್ಟವರು ಹೊಳೆಗೆ. ಪದ ಸುಮ್ಮನಿದ್ದು ಬಣ್ಣ ಮಾತಾಡಬೇಕು ಎಂಬ ಹುಚ್ಚು ನನಗೆ ಆಗ ಹಿಡಿದಿತ್ತು. ನಿಯಮ ಮರೆತಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಇನ್ನೊಂದು ಪದ ಸೇರಿಸಿದರೆ ಅಂದ ಕೆಡುತ್ತದೆ ಅನ್ನಿಸಿತ್ತು. ಅದನ್ನು ತಪಾಸಣೆ ಮಾಡಿದ, ಆಟ ನಡೆಸುವ ಹಿರಿಯರಿಗೆ ಕಣ್ಣು ಕಾಣುತ್ತಿತ್ತು. ಬಣ್ಣ ಚೆನ್ನಾಗಿದೆ ಎಂದು ಒಪ್ಪಿಗೆ ಕೊಟ್ಟರು.

ಅಣ್ಣ ಇಬ್ಬರು ಹೊಸಬರನ್ನು ಕರೆದುಕೊಂಡು ಆ ಸೇತುವೆ ದಾಟಲು ಹೋಗಿ ಬಿದ್ದರು. ಹಿಂದಿದ್ದ ಇಬ್ಬರೂ ಬಿದ್ದರು. ಆ ಹೊಳೆಗೆ ಬಿದ್ದವರ ಬಳಿ ಇದ್ದದ್ದೆಲ್ಲ ಹೋಗುತ್ತದೆ. ವರ್ಷಗಟ್ಟಲೆ ಕೂಡಿಸಿದ್ದು ಅವರದೂ ಹೋಯಿತು.

ನನಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಸಯನ್‌ನಲ್ಲಿ ಲೋಕಲ್ ಹತ್ತಿದವನು, ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದರಲ್ಲಿ ಮೊಬೈಲು ತೆರೆದು, ದಾದರ್ ಬರುವುದರೊಳಗೆ ಮೂರನೆಯ ಹಲಗೆಗೆ ಒಂದು ಪದ ಸೇರಿಸಿದೆ: ಕೊಳೆತ. ತಪ್ಪು ತಿದ್ದುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ ಅನ್ನಿಸುತ್ತದೆ. ಹಿರಿಯರಿಗೆ ಹೇಳಿದ್ದರೆ ಮೂವರಿಗೂ ಕಳೆದದ್ದು ವಾಪಸು ಸಿಗುತ್ತಿತ್ತು. ಕಟ್ಟುವ ಅಧಿಕಾರ ನನ್ನ ಕೈ ತಪ್ಪುತ್ತಿತ್ತು. ಹೇಳಲಿಲ್ಲ.

ಸುದ್ದಿ ಕೇಳಿ ಉಳಿದವರು ಸೇತುವೆ ನೋಡಲು ಹೋದರು. ಕೊಳೆತ ಹಲಗೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎಲ್ಲರೂ ಓದುವ ಹರಟೆಯ ಸಾಲಿನಲ್ಲಿ ನಗೆ ಶುರುವಾಯಿತು. ಬೋರ್ಡ್ ಹಾಕಿದ್ದರೂ ಕಾಲಿಟ್ಟ ಗೈಡ್ ಎಂದು ಯಾರೋ ಬರೆದರು. ಬಿದ್ದ ಇಬ್ಬರಲ್ಲಿ ಒಬ್ಬ, ಇವರನ್ನು ನಂಬಿ ಬಂದೆನಲ್ಲ ಎಂದ. ನಾನು ಓದುತ್ತಾ ಕೂತಿದ್ದೆ.

ಆಮೇಲೆ ಆ ಮೇಜು, ಮೇಜೇ ಆಗಿದ್ದರೆ.

“ಆ ಹಲಗೆಗೆ ಕೊಳೆತದ್ದು ಅಂತ ಉಂಟಲ್ಲ, ಅದು ಮೊದಲೇ ಇತ್ತಾ?” ಎಂದು ಕೇಳಿದರು.

“ಇತ್ತಲ್ಲ ಅಣ್ಣ.”

“ನನಗೆ ಕೇಳ್ಲೇ ಇಲ್ಲ ಮಾರಾಯ.”

“ನಿಮ್ಮ ಫೋನ್ ಓದುವ ಸ್ಪೀಡ್ ನೋಡಿ ಅಣ್ಣ. ಅದು ಓದುದು ನನಗೆ ಕೋಳಿ ಜಗಳದ ಹಾಗೆ ಕೇಳ್ತದೆ.”

ನಕ್ಕರು. “ಅದೂ ಹೌದು. ಫಾಸ್ಟ್ ಲೋಕಲ್ ಹತ್ತಿದ್ರೆ ಸಣ್ಣ ಸ್ಟೇಷನ್ ಎಲ್ಲ ಹಾರಿ ಹೋಗ್ತದೆ. ಇನ್ನು ಸ್ಲೋ ಹಿಡಿಯುವ.”

ಫೋನು ತೆಗೆದು ಓದುವ ವೇಗವನ್ನು ಇಳಿಸಿದರು. ಒಂದು ಸಲ ಅಲ್ಲ. ಇಳಿಸಿ, ಕೇಳಿ, ಮತ್ತೆ ಇಳಿಸಿದರು. ಇದು ನಿಜವಾಗಿ ಕಂಡದ್ದೇ, ಅಥವಾ ಅವರು ಹಾಗೆ ಮಾಡಿರಬಹುದೆಂದು ನಾನು ಊಹಿಸಿಕೊಂಡು ಆಮೇಲೆ ಕಂಡದ್ದೆಂದು ಇಟ್ಟುಕೊಂಡದ್ದೇ? ಕಂಡದ್ದಾದರೆ ಮೇಜು ಇತ್ತು. ಮೇಜು ಇದ್ದರೆ ಅವರ ಮುಖ ನೋಡುತ್ತಲೇ ಸುಳ್ಳು ಹೇಳಿದ್ದೇನೆ. ಟೈಪ್ ಮಾಡಿದ್ದು ಎಂದು ನಂಬಲು ನನಗೆ ಇರುವ ಆಸೆಗೆ ಕಾರಣ ಇದೇ ಇರಬೇಕು.

ಅನಂತರ ಹೊಸಬರು ದಾರಿ ಕೇಳಿದಾಗ ಅವರು, ಬೇರೆ ಯಾರನ್ನಾದರೂ ಕೇಳಿ, ನನ್ನ ಕಿವಿ ಈಗ ಅಷ್ಟು ಸರಿಯಿಲ್ಲ ಎಂದು ಬರೆಯತೊಡಗಿದರು. ಅವರ ಕಿವಿಗೆ ಏನೂ ಆಗಿರಲಿಲ್ಲ. ಕೆಲವು ತಿಂಗಳಿಗೆ ಬರುವುದನ್ನೇ ನಿಲ್ಲಿಸಿದರು. ಒಮ್ಮೆ ಫೋನ್ ಮಾಡಿದೆ. “ಎಂತ ಮಾರಾಯ, ಬದುಕಿದ್ದೀಯಾ?” ಎಂದು ಖುಷಿಯಲ್ಲೇ ಮಾತಾಡಿದರು. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದರು. ಆಟದ ವಿಷಯ ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮಳೆ ಹೇಗಿದೆ ಅಲ್ಲಿ ಎಂದು ಕೇಳಿದೆ.

ಅಂಥ ಆಟ ಆಡುವವರ ಯಂತ್ರದಲ್ಲಿ ಪ್ರತಿ ದಿನದ ಆಟವೂ ಸಾಲು ಸಾಲಾಗಿ ಉಳಿದಿರುತ್ತದೆ. ಬಿದ್ದ ದಿನದ ಸಾಲುಗಳನ್ನು ಅವರು ಮತ್ತೆ ಓದಿಸಿ ಕೇಳಿದ್ದರೆ ಐದು ಹಲಗೆಯ ವರ್ಣನೆಯೂ ಒಂದೇ, ಕೊಳೆತ ಎಂಬ ಪದ ಅವತ್ತು ಇರಲೇ ಇಲ್ಲ ಎಂದು ತಿಳಿದಿರುತ್ತದೆ. ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನಿನಲ್ಲಿ ನಕ್ಕದ್ದು ಗೊತ್ತಿದ್ದು ನಕ್ಕದ್ದೋ, ತಮ್ಮ ಕಿವಿಯನ್ನೇ ಇನ್ನೂ ದೂರುತ್ತಾ ನಕ್ಕದ್ದೋ, ಅದೂ ಗೊತ್ತಿಲ್ಲ.