ಸೆರಗಿನ ಹಾಳೆಯ ಎರಡು ಸಾಲು

ಗಂಗಣ್ಣ, ನಿಮ್ಮ ಲೆಕ್ಕ ತಪ್ಪಿರಲಿಲ್ಲ. ಆ ಸೆರಗಿನ ಹಾಳೆಯಲ್ಲಿ ಒಂದು ಸಾಲೂ ಬಿಟ್ಟುಹೋಗಿರಲಿಲ್ಲ. ಎಣಿಸಿ ನೋಡಿದ ಮೇಲೂ, ನಿಮ್ಮ ಮುಖ ನೋಡಿಕೊಂಡೇ ನಾನು ಸುಳ್ಳು ಹೇಳಿದೆ.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಏಳುತ್ತಿದ್ದ ಕಾಲ ಅದು. ಇನ್ನು ಗಿರಾಕಿಗಳು ವಿಮಾನದಲ್ಲೇ ಬಂದಿಳೀತಾರೆ ಅಂತ ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರು ಹಿಂದೆಂದೂ ಇಲ್ಲದಷ್ಟು ದೊಡ್ಡ ಸೆರಗು ಬರೆಸಿದರು. ನೀವು ಎರಡು ತಿಂಗಳು ಕೂತು, ಚೌಕಳಿ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಒಂದೊಂದೇ ಮನೆಗೆ ಬಣ್ಣ ತುಂಬಿ ಜೋಡಿ ಹಂಸ ಬರೆದಿರಿ. ಹಾಳೆಯ ಒಂದು ಸಾಲು ಅಂದರೆ ನೇಯ್ಗೆಯಲ್ಲಿ ಒಂದು ಎಳೆ. ಒಂದು ತಪ್ಪಿದರೂ ಸೀರೆಯಲ್ಲಿ ಕಾಣುತ್ತದೆ.

ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿದ್ದೆ. ನಿಮ್ಮ ಹಾಳೆಯನ್ನು ಸ್ಕ್ಯಾನ್ ಮಾಡಿ, ಚಿತ್ರವನ್ನು ಕುಗ್ಗಿಸಿ ಕಂಪ್ಯೂಟರಿನಲ್ಲಿ ಇಡುವ ಪ್ರೋಗ್ರಾಂ ನನ್ನದು; ಮಗ್ಗ ನೇಯುತ್ತಿದ್ದದ್ದು ಆ ಚಿತ್ರದಂತೆಯೇ. ಕುಗ್ಗಿಸುವುದಕ್ಕೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಂ ಕಟ್ಟು, ಲೈಬ್ರರಿ ಅಂತಾರೆ, ಅದನ್ನು ಬಳಸಿದ್ದೆ. ಮೆಮೊರಿ ನೋಡಿಕೊಳ್ಳಲು ಅದರಲ್ಲಿ ಎರಡು ದಾರಿ. ಒಂದು, ಜಾಗ ಸಾಕಾಗದಿದ್ದರೆ ಮಿಕ್ಕಿದ್ದನ್ನು ಡಿಸ್ಕಿನಲ್ಲಿಟ್ಟು ಆಮೇಲೆ ತೆಗೆದುಕೊಳ್ಳುವುದು. ಇನ್ನೊಂದು ತೀರಾ ಸರಳ — ಜಾಗ ಯಾವತ್ತೂ ಸಾಕಾಗುತ್ತದೆ ಅಂತಲೇ ನಂಬಿಬಿಡುವುದು. ನಾನು ಸರಳವಾದದ್ದನ್ನೇ ಹಿಡಿದೆ. ಜಾಗ ಸಿಗದೆ ಅದು ನಿಂತುಬಿಟ್ಟರೆ ಮಾಲೀಕರ ಮುಂದೆ ಮರ್ಯಾದೆ ಹೋಗುತ್ತದೆ ಅಂತ, ಸಿಗದ ಸಾಲು ಬಿಟ್ಟು ಮುಂದೆ ನಡಿ ಅಂತ ನಾನೇ ಬರೆದು ಸೇರಿಸಿದೆ. ಲೈಬ್ರರಿಯದು ತಪ್ಪಿಲ್ಲ. ಜಾಗ ಸಾಲದು ಅಂತ ಅದು ಹೇಳೋಕೆ ಬಂದಿತ್ತು, ಬಾಯಿ ಮುಚ್ಚಿಸಿದ್ದು ನಾನು.

ಚಿಕ್ಕ ಅಂಚುಗಳಿಗೆ ಏನೂ ಆಗಿರಲಿಲ್ಲ. ನಿಮ್ಮ ಸೆರಗು ದೊಡ್ಡದು. ಮೊದಲ ಸೀರೆ ಮಗ್ಗದಿಂದ ಇಳಿದಾಗ ಹಂಸದ ಕತ್ತು ಮುರಿದ ಹಾಗಿತ್ತು.

ನೀವು ಹಾಳೆಯನ್ನು ನೆಲದ ಮೇಲೆ ಹಾಸಿ ಎಣಿಸಿದಿರಿ. ಸರಿಯಿತ್ತು. ಇನ್ನೊಂದು ಸಲ ಎಣಿಸಿದಿರಿ. ಮೂರನೆಯ ಸಲಕ್ಕೆ ಕನ್ನಡಕ ತೆಗೆದು ಒರೆಸಿಕೊಂಡು ಹಾಳೆಯನ್ನು ನನ್ನ ಕಡೆ ತಳ್ಳಿದಿರಿ.

"ನೀನೇ ಎಣಿಸಮ್ಮ ಶಾರದಾ. ನನ್ ಕಣ್ಣು ನಂಗೇ ನಂಬ್ಕೆ ಇಲ್ಲ ಈಗ."

ಎಣಿಸಿದೆ. ಕತ್ತಿನ ಹತ್ತಿರ ಬರುವಷ್ಟರಲ್ಲೇ ಗೊತ್ತಾಯಿತು — ಹಾಳೆಯಲ್ಲಿ ಎಲ್ಲ ಸಾಲೂ ಇತ್ತು, ನನ್ನ ಪರದೆಯ ಮೇಲೆ ಎರಡು ಇರಲಿಲ್ಲ. ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ನಾನು...

"ಎರಡು ಸಾಲು ಬಿಟ್ಟೋಗಿದೆ ಗಂಗಣ್ಣ. ವಯಸ್ಸಾಯ್ತಲ್ಲ, ಕಣ್ ತಪ್ಪಿರುತ್ತೆ ಬಿಡಿ."

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ನೀವು ಜಗಳ ಆಡ್ತಿದ್ರೋ ಏನೋ. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು, "ಇನ್ ನನ್ ಕೈಲಾಗಲ್ಲ ಸಾರ್" ಅಂದು ಮೆಟ್ಟಿಲಿಳಿದು ಹೋದಿರಿ.

ಆ ಸಂಜೆಯೇ ನಾನು ಪ್ರೋಗ್ರಾಮನ್ನು, ಮಿಕ್ಕಿದ್ದನ್ನು ಡಿಸ್ಕಿನಲ್ಲಿಡುವ ದಾರಿಗೆ ಬದಲಾಯಿಸಿದೆ. ಅರ್ಧ ಗಂಟೆಯ ಕೆಲಸ. ಬರೀ ಅರ್ಧ ಗಂಟೆ. ಮುಂದಿನ ಸೀರೆ ಸರಿಯಾಗಿ ಬಂತು. ನೀವು ಬಿಟ್ಟಿದ್ದನ್ನು ಈ ಹುಡುಗಿ ತುಂಬಿಸಿದಳು ಅಂತ ಮಾಲೀಕರು ನನ್ನನ್ನು ಹೊಗಳಿದರು. ಬೇರೆ ಯಾರಾದರೂ ಎಣಿಸಿಬಿಟ್ಟಾರು ಅಂತ ಹಾಳೆಯನ್ನೂ ಮನೆಗೆ ತಂದಿಟ್ಟುಕೊಂಡೆ.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮಗಳು ಸುಮಿತ್ರ ಸಿಕ್ಕಳು. "ಅಪ್ಪಂಗೆ ಕಣ್ಣಿನ ಪೊರೆ ತೆಗೆಸಿದ್ವಿ ಕಣೇ. ಸೂಜಿಗೆ ದಾರ ಪೋಣಿಸ್ತಾರೆ. ಆದ್ರೂ ಪೆನ್ಸಿಲ್ ಮುಟ್ಟು ಅಂದ್ರೆ, ಬೇಡ, ಸಾಲು ತಪ್ಪುತ್ತೆ ಅಂತಾರೆ" ಅಂದಳು. ಇಷ್ಟು ವರ್ಷ ಆದ ಮೇಲೂ! ನಾನು ಬಸ್ಸು ಹತ್ತದೆ ಅಲ್ಲೇ ಕೂತುಬಿಟ್ಟೆ.

ಚಿಕ್ಕವಳಿದ್ದೆ, ಹೆದರಿದ್ದೆ ಅಂತ ನನಗೆ ನಾನೇ ಹೇಳಿಕೊಂಡು ಸಾಕಾಗಿದೆ. ಹೆದರಿಕೆ ಒಂದು ದಿನದ್ದು, ಸುಮ್ಮನಿದ್ದದ್ದು ಇಷ್ಟು ವರ್ಷ. ನೀವು ಬರೆಯದೇ ಹೋದ ಸೆರಗುಗಳನ್ನು ನಾನು ಎಲ್ಲಿಂದ ತಂದುಕೊಡಲಿ?

ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೀನಿ. ಹಾಳೆ ತರ್ತೀನಿ. ಮಾಲೀಕರಿಗೂ ನಿನ್ನೆ ಹೋಗಿ ಎಲ್ಲ ಹೇಳಿದ್ದೇನೆ, ಅವರೂ ಬರ್ತಾರೆ. ನೀವು ಬೈದರೆ ಬೈಸಿಕೊಳ್ತೀನಿ, ಬಾಗಿಲು ಹಾಕಿದರೆ ಹಾಳೆಯನ್ನು ಸುಮಿತ್ರನ ಕೈಗೆ ಕೊಟ್ಟು ಬರ್ತೀನಿ. ಒಂದೇ ಕೇಳಿಕೊಳ್ಳೋದು — ಮಾಲೀಕರ ಮುಂದೆ ಅದನ್ನು ನೆಲದ ಮೇಲೆ ಹಾಸಿ, ಎಣಿಸಿ. ನೀವೇ ಎಣಿಸಿ. ನನ್ನ ಕೈಗೆ ಮಾತ್ರ ಕೊಡಬೇಡಿ.